ಕೆಂಪು ಗಾಡಿಯ ಮೇಲೊಬ್ಬ ಕವಿಯ ಹೆಸರು: ಇಂಡಿಯಾನಾದ ಜೇಮ್ಸ್ ವಿಟ್‌ಕಂಬ್ ರೈಲಿ, ಒಂದು ಪ್ರಕರಣ ಅಧ್ಯಯನ

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಿಮ್ಮ ಪರಿಚಯದವರು ಯಾರಾದರೂ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. 'ರೈಲಿ ಯಾರು?' ಅಂತ ಕೇಳಿ. 'ಯಾರು ಅಲ್ಲ ಮಾರಾಯ, ಅದು ಮಕ್ಕಳ ಆಸ್ಪತ್ರೆ' ಅನ್ನುವ ಉತ್ತರವೇ ಬರುವ ಸಾಧ್ಯತೆ ಜಾಸ್ತಿ. ಆ ಆಸ್ಪತ್ರೆಯಲ್ಲಿ ಮಕ್ಕಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಗಾಲಿಕುರ್ಚಿ ಬದಲು ಆಟದ ಕೆಂಪು ಗಾಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುವುದುಂಟು. ಆ ಗಾಡಿಯೇ ಆಸ್ಪತ್ರೆಯ ಗುರುತಾಗಿಬಿಟ್ಟಿದೆ. ಗಾಡಿ ಎಲ್ಲರಿಗೂ ಗೊತ್ತು. ಆದರೆ ಆ ಹೆಸರಿನ ಮನುಷ್ಯ ಒಬ್ಬ ಕವಿ, ಅದೂ ಒಂದು ಕಾಲಕ್ಕೆ ಅಮೆರಿಕದಲ್ಲೇ ತುಂಬಾ ಜನ ಓದಿದ, ಕೇಳಿದ, ಬಾಯಿಪಾಠ ಮಾಡಿದ ಕವಿ ಅನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ.

ಕವಿಯ ಹೆಸರಲ್ಲಿ ರಸ್ತೆ ಇರುತ್ತದೆ, ಪಾರ್ಕ್ ಇರುತ್ತದೆ, ಒಂದು ಪ್ರತಿಮೆ ಇರುತ್ತದೆ, ಅದರ ತಲೆ ಮೇಲೆ ಪಾರಿವಾಳ ಇರುತ್ತದೆ. ಅದು ಎಲ್ಲ ಕಡೆಯೂ ಇದ್ದದ್ದೇ. ಇಲ್ಲಿ ಹಾಗಲ್ಲ. ಕವಿ ಸತ್ತು ನೂರು ವರ್ಷ ದಾಟಿದೆ, ಕವಿತೆಗಳು ಕಾಲೇಜಿನ ಪಾಠದಿಂದ ಹೆಚ್ಚೂಕಡಿಮೆ ಜಾರಿಹೋಗಿವೆ, ಆದರೂ ಒಂದು ಇಡೀ ರಾಜ್ಯದಲ್ಲಿ ಆತನ ಹೆಸರು ದಿನಾ ಜನರ ಬಾಯಲ್ಲಿ ಇದೆ. ಇದು ಹೇಗಾಯಿತು? ಆತನ ಹೆಸರು ಹೊತ್ತ ಕೆಲವು ವಸ್ತುಗಳು ಉಳಿದವು, ಕೆಲವು ಹೇಳಹೆಸರಿಲ್ಲದೆ ಹೋದವು. ಯಾವುದು ಯಾಕೆ ಉಳಿಯಿತು ಅಂತ ನೋಡುವುದು ಈ ಬರಹದ ಕೆಲಸ.

ಮೊದಲು ಮನುಷ್ಯನ ಕಥೆ

ರೈಲಿ ಹುಟ್ಟಿದ್ದು 1849ರ ಅಕ್ಟೋಬರ್ 7ರಂದು, ಇಂಡಿಯಾನಾದ ಗ್ರೀನ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ಇಂಡಿಯಾನಾಪೊಲಿಸ್‌ನಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರ. ಮನೆ ಇದ್ದದ್ದು ಪೂರ್ವದಿಂದ ಪಶ್ಚಿಮಕ್ಕೆ ಜನ ವಲಸೆ ಹೋಗುತ್ತಿದ್ದ ನ್ಯಾಷನಲ್ ರೋಡ್ ಎಂಬ ಹೆದ್ದಾರಿಯ ಪಕ್ಕದಲ್ಲೇ. ಅಪ್ಪ ರೂಬೆನ್ ರೈಲಿ ವಕೀಲ, ರಾಜಕೀಯದ ಹುಚ್ಚು ಇದ್ದವನು. ಮಗ ಹುಟ್ಟಿದಾಗ ತನಗೆ ಬೇಕಾದ ರಾಜಕಾರಣಿ, ರಾಜ್ಯದ ಗವರ್ನರ್ ಆಗಿದ್ದ ಜೇಮ್ಸ್ ವಿಟ್‌ಕಂಬ್‌ನ ಹೆಸರನ್ನೇ ಇಟ್ಟ. ಇದನ್ನು ನೆನಪಿಟ್ಟುಕೊಳ್ಳಿ. ಇವತ್ತು ಆ ಗವರ್ನರ್‌ನ ಹೆಸರು ಯಾರಾದರೂ ಹೇಳುತ್ತಾರೆ ಅಂದರೆ ಅದು ಕವಿಯ ಹೆಸರಿನ ಅರ್ಧ ಭಾಗವಾಗಿ ಮಾತ್ರ.

ಹುಡುಗ ಶಾಲೆಯಲ್ಲಿ ದಡ್ಡ. ಅಪ್ಪನಿಗೆ ಮಗ ವಕೀಲನಾಗಲಿ ಅಂತ ಆಸೆ, ಮಗನಿಗೆ ಕಾನೂನು ಪುಸ್ತಕ ಕಂಡರೆ ನಿದ್ದೆ. ಹೊಟ್ಟೆಪಾಡಿಗೆ ಬೋರ್ಡ್ ಬರೆಯುವ ಕೆಲಸ ಕಲಿತ. ಅಂಗಡಿ ಹೆಸರು, ಕೊಟ್ಟಿಗೆಯ ಗೋಡೆ ಮೇಲೆ ಜಾಹೀರಾತು, ಇಂಥದ್ದು. ಜನರನ್ನು ಸೇರಿಸಲು ಕುರುಡನ ವೇಷ ಹಾಕಿ, 'ಕುರುಡ ಬೋರ್ಡ್ ಬರೆಯುತ್ತಾನೆ ನೋಡಿ ಬನ್ನಿ' ಎಂಬ ನಾಟಕವನ್ನೂ ಆಡಿದ್ದುಂಟು. ಆಮೇಲೆ ಊರೂರು ತಿರುಗಿ ಔಷಧಿ ಮಾರುವವರ ಗಾಡಿ ಹತ್ತಿದ. ನಮ್ಮ ಸಂತೆಯಲ್ಲಿ ಹಾವಾಡಿಸಿ, ಮಾತಾಡಿಸಿ, ಕೊನೆಗೆ ಬೇರಿನ ಎಣ್ಣೆ ಮಾರುತ್ತಿದ್ದರಲ್ಲ, ಅದೇ ಥರದ ವ್ಯಾಪಾರ. ಗಾಡಿಯ ಮೇಲೆ ನಿಂತು ಪದ್ಯ ಹೇಳಿ, ಹಾಡಿ ಜನ ಸೇರಿಸುವುದು ರೈಲಿಯ ಕೆಲಸ. ನನ್ನ ಪ್ರಕಾರ ಆತನ ನಿಜವಾದ ವಿದ್ಯಾಭ್ಯಾಸ ಆಗಿದ್ದು ಅಲ್ಲೇ. ಜನ ಎಲ್ಲಿ ನಗುತ್ತಾರೆ, ಎಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಅನ್ನುವುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಈ ಹೊತ್ತಿನ ಒಂದು ಘಟನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೈಲಿ ಕವಿತೆ ಬರೆದು ಪೂರ್ವದ ದೊಡ್ಡ ಪತ್ರಿಕೆಗಳಿಗೆ ಕಳಿಸುತ್ತಿದ್ದ, ಅವು ಹೋದ ದಾರಿಯಲ್ಲೇ ವಾಪಸ್ ಬರುತ್ತಿದ್ದವು. ಆತನಿಗೆ ಒಂದು ಅನುಮಾನ: ಇವರು ಕವಿತೆ ನೋಡುವುದೇ ಇಲ್ಲ, ಹೆಸರು ನೋಡುತ್ತಾರೆ. ಸರಿ, ಪರೀಕ್ಷೆ ಮಾಡಿಯೇಬಿಡೋಣ ಅಂತ 1877ರಲ್ಲಿ ಹೆಸರಾಂತ ಕವಿ ಎಡ್ಗರ್ ಅಲನ್ ಪೋ ಶೈಲಿಯಲ್ಲಿ 'ಲಿಯೊನೈನಿ' ಅಂತ ಒಂದು ಕವಿತೆ ಬರೆದ. ಕೊಕೊಮೊ ಎಂಬ ಊರಿನ ಪತ್ರಿಕೆಯ ಸಂಪಾದಕನ ಜೊತೆ ಸೇರಿಕೊಂಡು, ಒಂದು ಹಳೇ ಪುಸ್ತಕದ ಖಾಲಿ ಹಾಳೆಯಲ್ಲಿ ಪೋ ಬರೆದಿಟ್ಟಿದ್ದ ಕವಿತೆ ಸಿಕ್ಕಿದೆ ಅಂತ ಅಚ್ಚು ಹಾಕಿಸಿದ. ಪೋ ಸತ್ತು ಆಗ ಹತ್ತಿರ ಹತ್ತಿರ 28 ವರ್ಷ. ದೇಶದ ಪತ್ರಿಕೆಗಳಲ್ಲಿ ಅದು ಸುದ್ದಿಯಾಯಿತು. ಕೆಲವರು ನಂಬಿದರು, ಕೆಲವರು ಅನುಮಾನಿಸಿದರು, ಕೆಲವೇ ದಿನಗಳಲ್ಲಿ ಬಣ್ಣ ಬಯಲಾಯಿತು. ರೈಲಿ ಆಗ ಆಂಡರ್‌ಸನ್ ಊರಿನ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ. ಆ ಕೆಲಸವೂ ಹೋಯಿತು, ಮಾನವೂ ಹೋಯಿತು.

ಆದರೆ ಆತನ ಮಾತು ಮಾತ್ರ ನಿಜವಾಯಿತು. ಹೆಸರಿಗೆ ಕವಿತೆಗಿಂತ ಕಾಲು ಉದ್ದ. ಅದೇ ಮಾತು ಮುಂದೆ ತನ್ನ ಮೇಲೇ ನಿಜವಾಗಲಿದೆ ಅಂತ 27 ವರ್ಷದ ಆ ಹುಡುಗನಿಗೆ ಆಗ ಹೇಗೆ ಗೊತ್ತಾಗಬೇಕು?

ಹೆಸರಾದದ್ದು

ಇಂಡಿಯಾನಾಪೊಲಿಸ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಕೆಲಸ ಸಿಕ್ಕಿದ ಮೇಲೆ ದಿಕ್ಕು ಬದಲಾಯಿತು. 1882ರಲ್ಲಿ ಆತ ಒಂದು ಹೊಸ ಆಟ ಹೂಡಿದ. ಬೂನ್ ಎಂಬ ಜಿಲ್ಲೆಯ ಬೆಂಜ್. ಎಫ್. ಜಾನ್ಸನ್ ಅನ್ನುವ ಮುದುಕ ರೈತನೊಬ್ಬ ಪತ್ರಿಕೆಗೆ ಕವಿತೆ ಕಳಿಸುತ್ತಿದ್ದಾನೆ ಅನ್ನುವ ಹಾಗೆ ತಾನೇ ಬರೆದ. ಓದು ಬರಹ ಅಷ್ಟಕ್ಕಷ್ಟೇ ಇರುವ ರೈತ ಬರೆದ ಹಾಗೆ ಕಾಗುಣಿತವನ್ನೂ ಬೇಕಂತಲೇ ತಪ್ಪಿಸಿದ. ಪಂಪ್‌ಕಿನ್ ಅಲ್ಲ, ಪಂಕಿನ್. ಸ್ವಿಮ್ಮಿಂಗ್ ಅಲ್ಲ, ಸ್ವಿಮ್ಮಿನ್. ಜನ ಮಾತಾಡುವ ಹಾಗೆ. ಊರ ಹೊಳೆಯಲ್ಲಿ ಈಜು ಬಿದ್ದದ್ದು, ಕುಂಬಳಕಾಯಿಯ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಬೆಳಗು, ಒಣಗಿದ ಜೋಳದ ಗರಿ ಸರಗುಟ್ಟುವ ಸದ್ದು. ಮರುವರ್ಷ ಇವೇ ಕವಿತೆಗಳು ಪುಸ್ತಕವಾಗಿ ಬಂದು, ಮೊದಲು ಅಚ್ಚು ಹಾಕಿದ ಪ್ರತಿಗಳೆಲ್ಲ ಬೇಗ ಖರ್ಚಾಗಿ, ಮತ್ತೆ ಅಚ್ಚು ಹಾಕಬೇಕಾಯಿತು.

ಯಾಕೆ ಇಷ್ಟು ಹಿಡಿಸಿತು? ಕಾಲ ನೋಡಿ. ಇಂಡಿಯಾನಾ ಆಗ ಹೊಲ ಬಿಟ್ಟು ಕಾರ್ಖಾನೆ ಕಡೆ ಹೊರಟಿತ್ತು. 1880ರ ದಶಕದ ಕೊನೆಗೆ ಅಲ್ಲಿ ನೆಲದಡಿ ಗ್ಯಾಸ್ ಸಿಕ್ಕಿ ಹಳ್ಳಿಗಳೇ ಊರುಗಳಾದವು. ರೈಲಿಯ ಓದುಗರಲ್ಲಿ ಬಹಳ ಜನ ಹಳ್ಳಿಯಲ್ಲಿ ಹುಟ್ಟಿ ಪಟ್ಟಣದ ಆಫೀಸು, ಅಂಗಡಿಗಳಲ್ಲಿ ಕೂತವರು. ಹೊಳೆ ದೂರ ಆದ ಮೇಲೇ ಅಲ್ವಾ ಹೊಳೆಯ ಪದ್ಯ ಬೇಕಾಗುವುದು?

ಇನ್ನೊಂದು ಕಾರಣ ಊರಿನ ಮಾನದ್ದು. ಇಂಡಿಯಾನಾದವರಿಗೆ 'ಹೂಸಿಯರ್' ಅನ್ನುವ ಅಡ್ಡಹೆಸರಿದೆ. ಆ ಕಾಲದಲ್ಲಿ ಬೇರೆ ರಾಜ್ಯದವರ ಬಾಯಲ್ಲಿ ಅದಕ್ಕೆ ಹಳ್ಳಿಗುಗ್ಗು ಅನ್ನುವ ವಾಸನೆ ಇತ್ತು. ರೈಲಿ ಆ ಮಾತನ್ನೇ ಎತ್ತಿಕೊಂಡು ಬಾಸ್ಟನ್, ನ್ಯೂಯಾರ್ಕ್‌ನ ವೇದಿಕೆ ಹತ್ತಿದ. 1887ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಚಿಕರಿಂಗ್ ಹಾಲ್‌ನಲ್ಲಿ ಲೇಖಕರ ಓದು ನಡೆದಾಗ ಮಾರ್ಕ್ ಟ್ವೈನ್‌ನಂಥವರ ಸಾಲಿನಲ್ಲಿ ನಿಂತು ಓದಿ ಸಭೆಯನ್ನು ಗೆದ್ದ. ಬೈಗುಳದ ಹೆಸರು ಬಿರುದಾಯಿತು: ಹೂಸಿಯರ್ ಕವಿ. ತಮ್ಮ ಮಾತಿಗೆ ಪಟ್ಟಣದವರು ಚಪ್ಪಾಳೆ ತಟ್ಟಿದ್ದನ್ನು ಒಂದು ರಾಜ್ಯದ ಜನ ಅಷ್ಟು ಬೇಗ ಮರೆಯುವುದಿಲ್ಲ.

ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ರೈಲಿಗೆ ಕುಡಿತದ ಚಟ ಜೋರಾಗಿತ್ತು. ಹಾಸ್ಯಗಾರ ಬಿಲ್ ನೈ ಜೊತೆ ನಡೆಯುತ್ತಿದ್ದ ದೊಡ್ಡ ಪ್ರವಾಸ 1890ರಲ್ಲಿ ಮುರಿದುಬಿದ್ದದ್ದು ಅದರಿಂದಲೇ, ಅದೂ ದೇಶದ ಪತ್ರಿಕೆಗಳಲ್ಲೆಲ್ಲ ಬರುವ ಹಾಗೆ. ವಿಮರ್ಶಕರಲ್ಲಿ ಅಂಬ್ರೋಸ್ ಬಿಯರ್ಸ್ ಥರದವರು ಈ ಕವಿತೆಗಳನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಇಂಡಿಯಾನಾದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ಇದು ವೇದಿಕೆಯ ಭಾಷೆ ಎಂಬ ತಕರಾರೂ ಇತ್ತು. ಇದರಲ್ಲಿ ಸ್ವಲ್ಪ ಸತ್ಯ ಇದೆ ಅಂತ ನನಗೂ ಅನ್ನಿಸುತ್ತದೆ. ಒಂದೇ ಸಲ ಹತ್ತು ಕವಿತೆ ಓದಿದರೆ ಬೆಲ್ಲದ ಪಾಕ ಕುಡಿದ ಹಾಗಾಗುತ್ತದೆ. ಆದರೆ ಒಳ್ಳೆಯವು ನಿಜಕ್ಕೂ ಒಳ್ಳೆಯವು, ಮತ್ತು ಅವನ್ನು ಗಟ್ಟಿಯಾಗಿ ಓದಬೇಕು. ಕಣ್ಣಿಗಲ್ಲ, ಕಿವಿಗೆ ಬರೆದದ್ದು. ಓಹಾಯೊದ ಡೇಟನ್‌ನಲ್ಲಿ ಲಿಫ್ಟ್ ನಡೆಸುವ ಕೆಲಸದಲ್ಲಿದ್ದ ಪಾಲ್ ಲಾರೆನ್ಸ್ ಡನ್‌ಬಾರ್ ಎಂಬ ಕಪ್ಪು ಹುಡುಗನ ಕವಿತೆ ಕಣ್ಣಿಗೆ ಬಿದ್ದಾಗ ರೈಲಿ ತಾನಾಗಿ ಅವನಿಗೆ ಮೆಚ್ಚುಗೆಯ ಪತ್ರ ಬರೆದ. ಆಡುಮಾತಿನ ಕವಿತೆಯಲ್ಲಿ ಆ ಹುಡುಗ ಮುಂದೆ ಗುರುವನ್ನೇ ಮೀರಿಸಿದ ಅಂತ ನನ್ನ ಎಣಿಕೆ.

ಅಚ್ಚಿನ ಮೊಳೆ ಮಾಡಿದ ತಪ್ಪು

ರೈಲಿಯ ಒಂದು ಕವಿತೆಯ ಪ್ರಯಾಣವನ್ನು ಪ್ರತ್ಯೇಕವಾಗಿ ನೋಡಬೇಕು. ಗ್ರೀನ್‌ಫೀಲ್ಡ್ ಮನೆಗೆ ಅಂತರ್ಯುದ್ಧದ ಕಾಲದಲ್ಲಿ ಮೇರಿ ಆಲಿಸ್ ಸ್ಮಿತ್ ಎಂಬ ಅನಾಥ ಹುಡುಗಿ ಬಂದಿದ್ದಳು. ಊಟ ವಸತಿಗೆ ಬದಲಾಗಿ ಮನೆಗೆಲಸ. ರಾತ್ರಿ ಒಲೆ ಮುಂದೆ ಕೂತು ಮಕ್ಕಳಿಗೆ ದೆವ್ವದ ಕಥೆ ಹೇಳುತ್ತಿದ್ದಳು. ರೈಲಿ ಅವಳನ್ನೇ ಇಟ್ಟುಕೊಂಡು 1885ರಲ್ಲಿ ಒಂದು ಕವಿತೆ ಬರೆದ. ಪ್ರಾರ್ಥನೆ ಹೇಳದ ಹುಡುಗನನ್ನು, ದೊಡ್ಡವರನ್ನು ಅಣಕಿಸಿದ ಹುಡುಗಿಯನ್ನು ಗಾಬ್ಲಿನ್‌ಗಳು ಎತ್ತಿಕೊಂಡು ಹೋದವು, ನೀವೂ ಹುಷಾರಾಗಿರದಿದ್ದರೆ ನಿಮ್ಮನ್ನೂ ಹಿಡಿಯುತ್ತವೆ ಅನ್ನುವ ಕವಿತೆ. ಗುಮ್ಮನ ಹೆಸರು ಹೇಳಿ ಊಟ ಮಾಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕವಿತೆಗೆ ಮೊದಲು ಬೇರೆ ಹೆಸರಿತ್ತು. ಆಮೇಲೆ ಹುಡುಗಿಯ ಕರೆಯುವ ಹೆಸರು 'ಆಲ್ಲಿ' ಇರಲಿ ಅಂತ ರೈಲಿ ಬದಲಾಯಿಸಿದ. ಅಚ್ಚಿನ ಮೊಳೆ ಜೋಡಿಸುವವನು 'ಆನ್ನಿ' ಅಂತ ಜೋಡಿಸಿಬಿಟ್ಟ. ರೈಲಿ ತಿದ್ದಿಸಲು ಹೊರಟವನು ಪುಸ್ತಕ ಹೇಗೆ ಮಾರಾಟವಾಗುತ್ತಿದೆ ಅಂತ ನೋಡಿ ಸುಮ್ಮನಾದ. ಹಾಗೆ 'ಲಿಟಲ್ ಆರ್ಫಂಟ್ ಆನ್ನಿ', ಅಂದರೆ ಪುಟ್ಟ ಅನಾಥೆ ಆನ್ನಿ, ಹುಟ್ಟಿದಳು.

ಈ ತಪ್ಪು ಎಷ್ಟು ದೂರ ಹೋಯಿತು ನೋಡಿ. ಇಂಡಿಯಾನಾಪೊಲಿಸ್‌ನಲ್ಲಿ ಬೆಳೆದ ಜಾನಿ ಗ್ರುವೆಲ್ ಎಂಬ ಚಿತ್ರಗಾರನ ತಂದೆಗೆ ರೈಲಿಯ ಸ್ನೇಹ ಇತ್ತು. ಮಗ ಒಂದು ಬಟ್ಟೆ ಬೊಂಬೆ ಮಾಡಿ, ರೈಲಿಯ 'ರ‍್ಯಾಗಡಿ ಮ್ಯಾನ್' ಕವಿತೆಯಿಂದ ಅರ್ಧ, ಆನ್ನಿಯಿಂದ ಅರ್ಧ ತೆಗೆದುಕೊಂಡು 'ರ‍್ಯಾಗಡಿ ಆ್ಯನ್' ಅಂತ ಹೆಸರಿಟ್ಟು 1915ರಲ್ಲಿ ಪೇಟೆಂಟ್ ಪಡೆದ. ಕೆಂಪು ನೂಲಿನ ಕೂದಲಿನ ಆ ಬೊಂಬೆ ಅಮೆರಿಕದ ಎಷ್ಟೋ ಮನೆಗಳಲ್ಲಿದೆ. 1924ರಲ್ಲಿ ಹೆರಾಲ್ಡ್ ಗ್ರೇ ತನ್ನ ಕಾಮಿಕ್‌ಗೆ ಇದೇ ಕವಿತೆಯಿಂದ ಹೆಸರು ತೆಗೆದುಕೊಂಡ. ಅದೇ ಅನಾಥ ಆ್ಯನಿ 1977ರಲ್ಲಿ ಬ್ರಾಡ್‌ವೇ ನಾಟಕವಾಗಿ, ಆಮೇಲೆ ಸಿನಿಮಾಗಳಾಗಿ ಜಗತ್ತು ಸುತ್ತಿದಳು. ನಿಜವಾದ ಮೇರಿ ಆಲಿಸ್ ಮದುವೆಯಾಗಿ ಅದೇ ಜಿಲ್ಲೆಯಲ್ಲಿ ಹೊಲದ ಮನೆಯಲ್ಲಿ ಬಾಳಿದಳು. ಕಾಮಿಕ್ ಶುರುವಾದ 1924ರಲ್ಲೇ ತೀರಿಕೊಂಡಳು.

ಇಲ್ಲಿ ಒಂದು ವಿಷಯ ಗಮನಿಸಿ. ಬೊಂಬೆ ಉಳಿಯಿತು, ಕಾಮಿಕ್ ಉಳಿಯಿತು, ಆದರೆ ರೈಲಿ ಅವುಗಳಿಂದ ಕಳಚಿಕೊಂಡ. ಬೊಂಬೆ ಹಿಡಿದ ಮಗುವಿಗೆ ಕವಿಯ ಅಗತ್ಯವೇ ಇಲ್ಲ. ಲೋಕಕ್ಕೆ ಹೋದ ಆಸ್ತಿಯಲ್ಲಿ ಆತನ ಹೆಸರಿಲ್ಲ, ಊರಲ್ಲಿ ಉಳಿದ ಆಸ್ತಿಯಲ್ಲಿ ಆತನ ಕವಿತೆ ಇಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲೇ.

ಬದುಕಿರುವಾಗಲೇ ಶುರುವಾದ ಹಬ್ಬ

1893ರಿಂದ ರೈಲಿ ಇಂಡಿಯಾನಾಪೊಲಿಸ್‌ನ ಲಾಕರ್‌ಬಿ ಸ್ಟ್ರೀಟ್ ಎಂಬ ಪುಟ್ಟ ಬೀದಿಯ ಮನೆಯೊಂದರಲ್ಲಿ, ಸ್ನೇಹಿತ ದಂಪತಿಗೆ ದುಡ್ಡು ಕೊಟ್ಟು ಇರುತ್ತಿದ್ದ. ಮದುವೆ ಆಗಲಿಲ್ಲ. ಮಕ್ಕಳಿಲ್ಲ. ಲಾಕರ್‌ಬಿ ಎಂಬ ಹೆಸರಿನದೇ ಒಂದು ಬಿಳಿ ನಾಯಿ ಇತ್ತು. 1910ರಲ್ಲಿ ಲಕ್ವ ಹೊಡೆದು ಬರೆಯುವ ಬಲಗೈ ಬಿದ್ದುಹೋಯಿತು. ಆಮೇಲೆ ಆತ ಬರೆದದ್ದು ತೀರಾ ಕಡಿಮೆ. ಆದರೆ ಹೆಸರು ಬೆಳೆದದ್ದು ಈ ಕೊನೆಯ ಆರು ವರ್ಷಗಳಲ್ಲೇ.

ಏನು ನಡೆಯಿತು ಅಂದರೆ, 1911ರಿಂದ ಇಂಡಿಯಾನಾದ ಶಾಲೆಗಳು ಆತನ ಹುಟ್ಟುಹಬ್ಬ ಆಚರಿಸಲು ಶುರು ಮಾಡಿದವು. 1915ರಲ್ಲಿ ಗವರ್ನರ್ ಅದನ್ನು ರೈಲಿ ದಿನ ಅಂತ ಸಾರಿದರು. ಆ ದಿನ ದೇಶದ ಶಾಲೆಗಳಲ್ಲಿ ರೈಲಿಯ ಕವಿತೆ ಓದಿಸಿ ಅಂತ ಕೇಂದ್ರ ಸರ್ಕಾರದ ಆಂತರಿಕ ಇಲಾಖೆಯ ಕಾರ್ಯದರ್ಶಿ ಫ್ರಾಂಕ್ಲಿನ್ ಲೇನ್ ಸೂಚಿಸಿದರು. ಮಕ್ಕಳು ಗುಂಪಾಗಿ ಲಾಕರ್‌ಬಿ ಬೀದಿಗೆ ಬರುತ್ತಿದ್ದರು. ಕೈ ಬಿದ್ದ ಮುದುಕ ಹೊರಗೆ ಕೂತು ಮಾತಾಡಿಸುತ್ತಿದ್ದ. ಔಷಧಿ ಗಾಡಿ, ಕುಡಿತ, ಪೋ ಹೆಸರಿನ ಮೋಸ ಎಲ್ಲ ಹಿಂದೆ ಸರಿದು, ಮಕ್ಕಳ ತಾತ ಎಂಬ ಚಿತ್ರ ಮುಂದೆ ಬಂತು. ಚಿತ್ರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಮುಂದಿನದ್ದೆಲ್ಲ ನಿಂತದ್ದು ಆ ಚಿತ್ರದ ಮೇಲೆ.

1911ರಲ್ಲೇ ಇನ್ನೊಂದು ಕೆಲಸ ಆಯಿತು. ಊರಿನ ದೊಡ್ಡ ಲೈಬ್ರರಿ ಕಟ್ಟಲು ರೈಲಿ ತನ್ನ ಜಾಗ ದಾನ ಕೊಟ್ಟ. ಪಾಲ್ ಕ್ರೆ ವಿನ್ಯಾಸ ಮಾಡಿದ ಆ ಕಟ್ಟಡ 1917ರಲ್ಲಿ ತೆರೆಯಿತು. ಅದರ ಕಬ್ಬಿಣದ ಗೇಟುಗಳಿಗೆ ಊರಿನ ಮಕ್ಕಳು ಪುಡಿಗಾಸು ಕೂಡಿಸಿ ಕೊಟ್ಟರು. ಈ ಪುಡಿಗಾಸಿನ ಮಾತು ಇಡೀ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಾಹುಕಾರರು ಕೊಟ್ಟ ದೊಡ್ಡ ಮೊತ್ತಕ್ಕಿಂತ ಮಗು ಕೊಟ್ಟ ಒಂದು ಸೆಂಟು ಈ ವಿಷಯದಲ್ಲಿ ಜಾಸ್ತಿ ಕೆಲಸ ಮಾಡಿತು ಅಂತ ನಾನು ನಂಬುತ್ತೇನೆ. ಕಾಸು ಕೊಟ್ಟ ಮಗು ದೊಡ್ಡದಾಗಿ, ತನ್ನ ಮಗನನ್ನು ಅದೇ ಗೇಟಿನ ಮುಂದೆ ನಿಲ್ಲಿಸಿ 'ಇದರಲ್ಲಿ ನಂದೂ ಒಂದು ಕಾಸಿದೆ' ಅನ್ನಬಹುದಲ್ಲ.

1916ರ ಜುಲೈ 22ರಂದು ರೈಲಿ ತೀರಿಕೊಂಡ. ರಾಜ್ಯದ ಶಾಸನ ಭವನದಲ್ಲಿ ದೇಹವನ್ನು ದರ್ಶನಕ್ಕಿಟ್ಟರು. ಇಂಡಿಯಾನಾದಲ್ಲಿ ಹಿಂದೆ ಅಬ್ರಹಾಂ ಲಿಂಕನ್‌ಗೆ ಸಿಕ್ಕಿದ್ದ ಗೌರವ ಅದು. ಸುಮಾರು 10 ತಾಸಿನಲ್ಲಿ 35,000ಕ್ಕೂ ಹೆಚ್ಚು ಜನ ನೋಡಿಕೊಂಡು ಹೋದರು, ಬಾಗಿಲು ಹಾಕಿದಾಗಲೂ ಸಾಲು ಮುಗಿದಿರಲಿಲ್ಲ. ಕ್ರೌನ್ ಹಿಲ್ ಸ್ಮಶಾನದ ಗುಡ್ಡದ ತುದಿಯಲ್ಲಿ, ಸಮುದ್ರಮಟ್ಟದಿಂದ 842 ಅಡಿ ಎತ್ತರದಲ್ಲಿ ಸಮಾಧಿ. ಅಲ್ಲಿ ನಿಂತರೆ ಇಡೀ ಊರು ಕಾಣುತ್ತದೆ.

ಆಸ್ಪತ್ರೆ ಯಾಕೆ?

ಸತ್ತ ಮೇಲೆ ಸ್ನೇಹಿತರು ಸೇರಿ ಒಂದು ಸ್ಮಾರಕ ಸಂಘ ಕಟ್ಟಿದರು. ಇವರ ಮುಂದೆ ಹಲವು ದಾರಿಗಳಿದ್ದವು. ದೊಡ್ಡ ಪ್ರತಿಮೆ ಮಾಡಬಹುದಿತ್ತು, ಕವಿತೆಗೆ ಬಹುಮಾನ ಇಡಬಹುದಿತ್ತು, ಸಮಗ್ರ ಸಂಪುಟ ತಂದು ಕೈ ತೊಳೆದುಕೊಳ್ಳಬಹುದಿತ್ತು. ಅವರು ಆರಿಸಿಕೊಂಡದ್ದು ಮಕ್ಕಳ ಆಸ್ಪತ್ರೆ. 1921ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿಗೆ ಕೊಟ್ಟಿತು. ಸಂಘ ದೇಣಿಗೆ ಎತ್ತುವುದು, ಸರ್ಕಾರ ಕೈಜೋಡಿಸುವುದು, ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯ ಶಾಲೆ ನಡೆಸುವುದು. ರೈಲಿಯ ಹುಟ್ಟಿದ ದಿನವಾದ ಅಕ್ಟೋಬರ್ 7ಕ್ಕೇ, 1924ರಲ್ಲಿ, ಉದ್ಘಾಟನೆ. ಮುಂದಿನ ತಿಂಗಳು ಮೊದಲ ರೋಗಿಗಳು ಬಂದರು.

ಈ ಏರ್ಪಾಟಿನ ಜಾಣತನ ಎಲ್ಲಿದೆ ಅಂದರೆ, ಆಸ್ಪತ್ರೆಗೆ ದುಡ್ಡು ಸಾಕಾಗುವುದೇ ಇಲ್ಲ. ಯಾವತ್ತೂ. ಪ್ರತಿಮೆಗೆ ಒಮ್ಮೆ ದುಡ್ಡು ಎತ್ತಿದರೆ ಮುಗಿಯಿತು. ಆಸ್ಪತ್ರೆಗೆ ಪ್ರತಿ ವರ್ಷ ಬೇಕು, ಪ್ರತಿ ವರ್ಷ ಹೊಸಬರನ್ನು ಕೇಳಬೇಕು, ಕೇಳುವಾಗ ಪ್ರತಿ ಸಲ ಆ ಹೆಸರು ಹೇಳಬೇಕು. ಮಹಿಳೆಯರ ಸಂಘಗಳು ಬೊಂಬೆ, ಪುಸ್ತಕ, ಹೊದಿಕೆ ಕೂಡಿಸಿ ಕೊಟ್ಟವು. ಕಿವಾನಿಸ್, ರೋಟರಿ ಕ್ಲಬ್‌ಗಳು ಮುಂದಿನ ವರ್ಷಗಳಲ್ಲಿ ಹೊಸ ಕಟ್ಟಡಗಳಿಗೆ ದುಡ್ಡು ಎತ್ತಿದವು. 1955ರಲ್ಲಿ ಬ್ರಾಡ್‌ಫರ್ಡ್ ವುಡ್ಸ್ ಎಂಬ ಕಾಡಿನಲ್ಲಿ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ರೈಲಿ ಕ್ಯಾಂಪ್ ಶುರುವಾಯಿತು. ಲಾಕರ್‌ಬಿ ಬೀದಿಯ ಮನೆಯನ್ನೂ ಇದೇ ಸಂಘ ತನ್ನ ಕೈಗೆ ತೆಗೆದುಕೊಂಡು 1922ರಿಂದ ಮ್ಯೂಸಿಯಂ ಮಾಡಿತು. ಕವಿಯ ಹ್ಯಾಟು, ಕೋಲು, ನಾಯಿಯ ಚಿತ್ರ ಈಗಲೂ ಅಲ್ಲಿವೆ. ಆ ಮನೆ ಇದ್ದುದರಿಂದ ಅದರ ಸುತ್ತಲ ಬೀದಿಗಳಿಗೂ ಒಂದು ಬೆಲೆ ಬಂತು. 1960ರ ದಶಕದಲ್ಲಿ ಇಂಡಿಯಾನಾಪೊಲಿಸ್ ಹಳೇ ಬಡಾವಣೆಗಳನ್ನು ಉಳಿಸಲು ಹೊರಟಾಗ ಮೊದಲು ಕಣ್ಣು ಬಿದ್ದದ್ದು ಲಾಕರ್‌ಬಿ ಮೇಲೆ.

ಈಗ 1990ಕ್ಕೆ ಬನ್ನಿ. ಕೊಕೊಮೊ ಅಂತ ಊರಿನ ಹೆಸರು ಮೊದಲೇ ಬಂದಿತ್ತು, ಪೋ ಕವಿತೆಯ ನಾಟಕ ನಡೆದ ಊರು. ರಯಾನ್ ವೈಟ್ ಅದೇ ಊರಿನ ಹುಡುಗ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಎಂಬ ಕಾಯಿಲೆ ಇತ್ತು, ಅದರ ಚಿಕಿತ್ಸೆಗೆ ಕೊಟ್ಟ ರಕ್ತದ ಪದಾರ್ಥದಿಂದ ಎಚ್‌ಐವಿ ತಗುಲಿತು. 1985ರಲ್ಲಿ ಶಾಲೆಗೆ ಬರಬೇಡ ಅಂದರು. ಆ ಜಗಳ ದೇಶದ ಸುದ್ದಿಯಾಯಿತು. 1990ರ ಏಪ್ರಿಲ್ 8ರಂದು 18 ವರ್ಷದ ರಯಾನ್ ತೀರಿಕೊಂಡದ್ದು ರೈಲಿ ಆಸ್ಪತ್ರೆಯಲ್ಲಿ. ಹಾಡುಗಾರ ಎಲ್ಟನ್ ಜಾನ್ ಕೊನೆಯ ದಿನಗಳಲ್ಲಿ ಅವನ ಜೊತೆಗಿದ್ದ. ಟೀವಿಯವರು ಆಸ್ಪತ್ರೆ ಮುಂದೆ ನಿಂತಿದ್ದರು. ದೇಶ ದೇಶಗಳಲ್ಲಿ ಜನ ರೈಲಿ ಅನ್ನುವ ಹೆಸರು ಕೇಳಿದರು. ಕವಿತೆ ನೆನಪಾದವರು ಆಗ ಎಷ್ಟು ಜನ ಇದ್ದಾರು?

ರಯಾನ್ ಇಂಡಿಯಾನಾ ವಿಶ್ವವಿದ್ಯಾಲಯ ಸೇರಬೇಕು ಅಂದುಕೊಂಡಿದ್ದ. 1991ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅವನ ನೆನಪಿಗೆ ಡಾನ್ಸ್ ಮ್ಯಾರಥಾನ್ ಶುರು ಮಾಡಿದರು. 36 ತಾಸು ಕೂರದೆ, ಮಲಗದೆ ನಿಂತು ಕುಣಿಯುವುದು, ರೈಲಿ ಆಸ್ಪತ್ರೆಗೆ ದುಡ್ಡು ಎತ್ತುವುದು. ಬೇರೆ ಕಾಲೇಜು, ಹೈಸ್ಕೂಲುಗಳಿಗೂ ಇದು ಹಬ್ಬಿತು. ರೈಲಿಯ ಒಂದು ಸಾಲೂ ಓದದ ಇಪ್ಪತ್ತರ ಹುಡುಗ ಹುಡುಗಿಯರು ಆತನ ಹೆಸರು ಬರೆದ ಅಂಗಿ ತೊಟ್ಟು ರಾತ್ರಿಯಿಡೀ ಕುಣಿಯುತ್ತಾರೆ. ಜನರನ್ನು ಸೇರಿಸಲು ಗಾಡಿಯ ಮೇಲೆ ಕುಣಿದು ಹಾಡಿದವನಿಗೆ ಇದು ಖಂಡಿತ ಇಷ್ಟವಾಗುತ್ತಿತ್ತು.

ಅಳಿದ ಹೆಸರುಗಳು

ಉಳಿದದ್ದನ್ನು ಮಾತ್ರ ನೋಡಿದರೆ ಕಾರಣ ಸರಿಯಾಗಿ ತಿಳಿಯುವುದಿಲ್ಲ. ಅಳಿದದ್ದನ್ನೂ ಪಕ್ಕದಲ್ಲಿ ಇಡಬೇಕು.

1941ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯವರು ಶಿಕಾಗೊ ಮತ್ತು ಸಿನ್ಸಿನಾಟಿ ನಡುವೆ ಇಂಡಿಯಾನಾಪೊಲಿಸ್ ಮೇಲಿಂದ ಒಂದು ರೈಲು ಬಿಟ್ಟರು. ಹೆಸರು ಜೇಮ್ಸ್ ವಿಟ್‌ಕಂಬ್ ರೈಲಿ. ರೈಲಿ ರೈಲು! ಕನ್ನಡದಲ್ಲಿ ಹೇಳಿದರೆ ತಮಾಷೆಯಾಗಿದೆ. ದೇಶದ ಪ್ರಯಾಣಿಕರ ರೈಲು ನಡೆಸುವ ಆಮ್‌ಟ್ರ್ಯಾಕ್ ಸಂಸ್ಥೆ ಬಂದ ಮೇಲೂ ಕೆಲವು ವರ್ಷ ಹೆಸರು ನಡೆಯಿತು. 1977ರಲ್ಲಿ ಅದನ್ನು ಕಾರ್ಡಿನಲ್ ಅಂತ ಬದಲಿಸಿದರು. ರೈಲು ಆಗ ಹಾದುಹೋಗುತ್ತಿದ್ದ ಆರೂ ರಾಜ್ಯಗಳಿಗೆ ಕಾರ್ಡಿನಲ್ಲೇ ರಾಜ್ಯಪಕ್ಷಿ. ಕವಿಯನ್ನು ಇಳಿಸಿ ಹಕ್ಕಿಯನ್ನು ಹತ್ತಿಸಿದರು. ಯಾರೂ ಗಲಾಟೆ ಮಾಡಲಿಲ್ಲ ಅಂತ ಕಾಣುತ್ತದೆ, ಹೆಸರಂತೂ ವಾಪಸ್ ಬರಲಿಲ್ಲ. 1942ರಲ್ಲಿ ಯುದ್ಧಕಾಲದ ಒಂದು ಸರಕು ಹಡಗಿಗೆ ಆತನ ಹೆಸರಿಟ್ಟರು, 1971ರಲ್ಲಿ ಅದು ಗುಜರಿಗೆ ಹೋಯಿತು. ಹ್ಯಾಮಂಡ್ ಊರಿನ ರೈಲಿ ಶಾಲೆಯನ್ನು 2006ರಲ್ಲಿ ಕೆಡವಿದರು. 1940ರಲ್ಲಿ ಕವಿಗಳ ಅಂಚೆಚೀಟಿ ಸರಣಿ ಬಂದಾಗ ವಾಲ್ಟ್ ವಿಟ್ಮನ್‌ಗೆ 5 ಸೆಂಟು, ರೈಲಿಗೆ 10 ಸೆಂಟು. ಬೆಲೆ ನೋಡಿ ಕವಿಯನ್ನು ಅಳೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ!

ಇವುಗಳಲ್ಲೆಲ್ಲ ಹೆಸರು ಸುಮ್ನೆ ಒಂದು ಬೋರ್ಡು. ರೈಲು ಹತ್ತುವವನಿಗೆ ರೈಲು ಬೇಕು, ಹೆಸರು ಯಾವುದಾದರೇನು? ಬೋರ್ಡ್ ಬರೆಯುವ ಕೆಲಸ ಮಾಡಿದ ರೈಲಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ಅಂಗಡಿ ಕೈ ಬದಲಾದರೆ ಬೋರ್ಡೂ ಬದಲಾಗುತ್ತದೆ. ಆಸ್ಪತ್ರೆಯ ಹೆಸರನ್ನು ಹಾಗೆ ಅಳಿಸಲು ಆಗುವುದಿಲ್ಲ, ಯಾಕೆಂದರೆ ಅದರ ಹಿಂದೆ ತಮ್ಮ ಮಗು ಬದುಕಿ ಮನೆಗೆ ಬಂದ ಅಪ್ಪ ಅಮ್ಮಂದಿರಿದ್ದಾರೆ, ಬದುಕಿಸಲಾಗದೆ ಬರಿಗೈಲಿ ಬಂದವರೂ ಇದ್ದಾರೆ. 'ನಮ್ಮ ಮಗು ರೈಲಿ ಕಿಡ್' ಅನ್ನುವ ಮಾತು ಅಲ್ಲಿ ಮನೆಮಾತು. ಆ ಹೆಸರಿಗೆ ಅವರು ತುಂಬಿದ ಅರ್ಥ ಕವಿ ಕೊಟ್ಟದ್ದಲ್ಲ.

ಹಾಗಾದರೆ ಕವಿತೆಗೆ ಆದದ್ದು ಅನ್ಯಾಯವೇ? ನನಗೆ ಎರಡು ಮನಸ್ಸು. ಆಸ್ಪತ್ರೆ ಇಲ್ಲದಿದ್ದರೆ ಕವಿತೆಗಳು ಹೆಚ್ಚು ಉಳಿಯುತ್ತಿದ್ದವು ಅಂತೇನೂ ಇಲ್ಲ. ಕಾಗುಣಿತ ತಪ್ಪಿಸಿ ಬರೆದ ಪದ್ಯ ಮುಂದಿನ ತಲೆಮಾರಿಗೆ ಓದಲು ಕಷ್ಟ. ಹೊಳೆಯಲ್ಲಿ ಈಜದವರಿಗೆ ಆ ಹಳಹಳಿಕೆ ತಟ್ಟುವುದಿಲ್ಲ. ಮೊದಲ ಮಹಾಯುದ್ಧದ ನಂತರ ಕವಿತೆಯ ರುಚಿಯೇ ಬೇರೆಯಾಯಿತು. ಕಪ್ಪು ಜನರ ಮಾತನ್ನು ಅನುಕರಿಸಿ ಆತ ಬರೆದ ಕೆಲವನ್ನು ಇವತ್ತು ಗಟ್ಟಿಯಾಗಿ ಓದಲೂ ಮನಸ್ಸು ಬಾರದು. ಆದರೆ ಸ್ಮಾರಕ ಕಟ್ಟಿದವರು ಕವಿಯನ್ನು ಮಕ್ಕಳ ತಾತನಾಗಿಸಿಬಿಟ್ಟರು ಅನ್ನುವುದೂ ನಿಜ. ಒರಟ, ತುಂಟ, ಕುಡುಕ, ಮೋಸಗಾರ, ನಟ ಆಗಿದ್ದ ಆ ಇನ್ನೊಬ್ಬ ರೈಲಿ ಜಾಸ್ತಿ ಸ್ವಾರಸ್ಯದ ಮನುಷ್ಯ. ಅವನಿಗೆ ಯಾವ ಕಟ್ಟಡದಲ್ಲೂ ಜಾಗವಿಲ್ಲ.

ಗ್ರೀನ್‌ಫೀಲ್ಡ್‌ನಲ್ಲಿ ಅಕ್ಟೋಬರ್

ಹುಟ್ಟಿದ ಊರು ತನ್ನ ಪಾಲು ಬಿಟ್ಟುಕೊಟ್ಟಿಲ್ಲ. ಪ್ರತಿ ಅಕ್ಟೋಬರ್‌ನ ಮೊದಲ ವಾರಗಳಲ್ಲಿ ಅಲ್ಲಿ ನಾಲ್ಕು ದಿನ ರೈಲಿ ಹಬ್ಬ. ರಸ್ತೆ ತುಂಬ ಕರಕುಶಲ ವಸ್ತುಗಳ ಅಂಗಡಿ, ಎಣ್ಣೆಯಲ್ಲಿ ಕರಿದ ಸಿಹಿ ತಿಂಡಿ, ಬ್ಯಾಂಡು, ಮೆರವಣಿಗೆ. ನಮ್ಮೂರ ಜಾತ್ರೆಗೆ ಹೋದವರಲ್ಲಿ ಎಷ್ಟು ಜನ ದೇವರ ಮುಂದೆ ನಿಲ್ಲುತ್ತಾರೋ, ಇಲ್ಲೂ ಕವಿತೆಯ ಹತ್ತಿರ ಬರುವವರು ಅಷ್ಟೇ ಇರಬಹುದು. ಆದರೆ ಒಂದು ಕಾರ್ಯಕ್ರಮ ಮಾತ್ರ ಬಿಟ್ಟಿಲ್ಲ. ಜಿಲ್ಲಾ ನ್ಯಾಯಾಲಯದ ಮುಂದೆ ಮೈರಾ ರೆನಾಲ್ಡ್ಸ್ ರಿಚರ್ಡ್ಸ್ ಎಂಬ ಶಿಲ್ಪಿ ಮಾಡಿದ ರೈಲಿಯ ಪ್ರತಿಮೆ ಇದೆ, 1918ರದ್ದು. ಅದಕ್ಕೂ ಶಾಲಾ ಮಕ್ಕಳ ಕಾಸು ಸೇರಿದೆ. ಹಬ್ಬದ ಶುರುವಿಗೆ ಊರಿನ ಮಕ್ಕಳು ಸಾಲಾಗಿ ಬಂದು ಅದರ ಕಾಲಡಿ ಹೂವಿಡುತ್ತಾರೆ. ಅಕ್ಟೋಬರ್ ಅಂದರೆ ಅಲ್ಲಿ ಹೊರಗೆ ಕುಂಬಳಕಾಯಿ ಹಣ್ಣಾಗಿರುವ, ಬೆಳಗಿನ ಚಳಿ ಶುರುವಾಗುವ ಹೊತ್ತು. ಕುಂಬಳಕಾಯಿಯ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಆತನ ಹೆಸರಾಂತ ಕವಿತೆಯ ಹೊತ್ತೂ ಅದೇ. ಟೀಚರ್ ಯಾರಾದರೂ ನೆನಪು ಮಾಡಿಕೊಂಡು ಆ ಪದ್ಯ ಓದಿದರೆ ಮಕ್ಕಳಿಗೆ ಯಾವ ಅರ್ಥವನ್ನೂ ಹೇಳಿಕೊಡಬೇಕಾಗಿಲ್ಲ, ಕಿಟಕಿಯಿಂದ ಹೊರಗೆ ನೋಡಿದರೆ ಸಾಕು.

ಇತ್ತ ಕ್ರೌನ್ ಹಿಲ್ ಗುಡ್ಡದ ಮೇಲೆ ಬೇರೆ ರೂಢಿ. ನೋಡಲು ಬಂದ ಮಕ್ಕಳು ಸಮಾಧಿಯ ಕಲ್ಲಿನ ಮೇಲೆ ಒಂದೊಂದು ನಾಣ್ಯ ಇಟ್ಟು ಹೋಗುತ್ತಾರೆ. ಸ್ಮಶಾನದವರು ಅದನ್ನೆಲ್ಲ ಬಳಿದು ಕೂಡಿಸಿ ಮಕ್ಕಳ ಆಸ್ಪತ್ರೆಗೆ ಕಳಿಸುತ್ತಾರೆ.